ಹೆಂಡತಿ ಇಲ್ಲ ಎಂದು ಬರೆಸಿದವನು

ಟಾರಂಟ್ ಫಾರಂ, ಕೆಂಟಕಿ
ಜೂನ್ 19, 1864

ಎಲ್ಕಾನಾ,

ನೀನು ಕ್ಯಾಂಪ್ ನೆಲ್ಸನ್‌ನಲ್ಲಿ ಸರ್ಕಾರಿ ಪಲ್ಟನ್ನಿನ ನೀಲಿ ಅಂಗಿ ತೊಟ್ಟು ನಿಂತಿದ್ದೀಯೆಂದು ಕಮ್ಮಾರ ಬಂದು ಹೇಳಿದ. ನಿನಗೆ ಓದಲು ಬಾರದು. ಯಾರಾದರೂ ಓದಿ ಹೇಳುತ್ತಾರೆ, ಅವರ ಕಿವಿಗೂ ಬೀಳಲಿ ಎಂದೇ ಬಿಡಿಸಿ ಬರೆಯುತ್ತಿದ್ದೇನೆ.

ನಮ್ಮದು ವಾಷಿಂಗ್ಟನ್ನಿನ ಒಕ್ಕೂಟ ಸರ್ಕಾರಕ್ಕೆ ನಿಷ್ಠೆಯಿಂದಿರುವ ಮನೆ. ದಕ್ಷಿಣದ ರಾಜ್ಯಗಳೆಲ್ಲ ಸಿಡಿದು ಹೋದಾಗ ಕೆಂಟಕಿ ಹೋಗಲಿಲ್ಲ. ವಾಷಿಂಗ್ಟನ್ನಿನವರು ಗುಲಾಮರಿಗೆ ಬಿಡುಗಡೆ ಸಾರಿದಾಗ ಆ ಪಟ್ಟಿಯಲ್ಲಿ ಕೆಂಟಕಿಯ ಹೆಸರಿರಲಿಲ್ಲ. ನಿಷ್ಠೆಗೆ ಸಿಕ್ಕ ಮರ್ಯಾದೆ ಅದು ಎಂದುಕೊಂಡೆವು. ಈಗ ಅದೇ ಸರ್ಕಾರ ನಮ್ಮ ಆಳುಗಳನ್ನು ಬೇಲಿಯಾಚೆಯಿಂದ ಕೈಬೀಸಿ ಕರೆಯುತ್ತಿದೆ, ಪಲ್ಟನ್ನಿಗೆ ಸೇರಿದವನು ಸ್ವತಂತ್ರ ಎನ್ನುತ್ತಿದೆ. ನನ್ನ ಮಗ ಆಂಬ್ರೋಸ್ ಹುಚ್ಚು ಹಿಡಿದು ದಕ್ಷಿಣದವರ ಕುದುರೆ ದಳ ಸೇರಿದ. ನೀನು ಇತ್ತ ಕಡೆಯ ದಳ ಸೇರಿದೆ. ಒಂದೇ ಮನೆಯ ಅನ್ನ ತಿಂದವರು ಎದುರುಬದುರು ನಿಂತು ಗುಂಡು ಹಾರಿಸಿಕೊಳ್ಳಿ.

ಅದೆಲ್ಲ ಹಾಗಿರಲಿ. ಎಂಟು ವರ್ಷದ ಹಿಂದೆ ಕ್ರಿಸ್‌ಮಸ್ ವಾರದಲ್ಲಿ ನನ್ನ ಅಡುಗೆಮನೆಯಲ್ಲಿ, ನಾನೇ ಮುಂದೆ ನಿಂತು ನಿನ್ನ ಮದುವೆ ಮಾಡಿಸಿದೆ. ಮಹಾಲಾಳಿಗೆ ನನ್ನ ಮಸ್ಲಿನ್ ಗೌನು ಉಡಿಸಿದೆ. ಕೇಕು ಕತ್ತರಿಸಿದ್ದು ನಾನು, ಅವಳ ಕೈಯನ್ನು ನಿನ್ನ ಕೈಯಲ್ಲಿಟ್ಟದ್ದೂ ನಾನು. ಹಾಗೆ ಕಟ್ಟಿಕೊಂಡ ಹೆಂಡತಿಯನ್ನೂ ಆರು ವರ್ಷದ ಲೆಟಿಯನ್ನೂ ಬಿಟ್ಟು, ಒಂದು ಮಾತು ಹೇಳದೆ ಕೈಕೊಟ್ಟು ಹೋದೆಯಲ್ಲ, ಇದು ಗಂಡಸಿನ ಕೆಲಸವೇ?

ಲವೀನಿಯಾ ಟಾರಂಟ್

•

ಕ್ಯಾಂಪ್ ನೆಲ್ಸನ್
ಜುಲೈ 7, 1864

ಅಮ್ಮಾವ್ರಿಗೆ ಎಲ್ಕಾನಾ ನಮಸ್ಕಾರ.

ಇದನ್ನ ಶಾಲೆ ಮೇಷ್ಟ್ರು ಬರೀತಾ ಇದ್ದಾರೆ, ನಾನು ಹೇಳ್ತಾ ಇದ್ದೀನಿ. ನಾನು ಹೇಳಿದ್ದನ್ನ ಹೇಳಿದ ಹಾಗೇ ಬರೀರಿ ಅಂದಿದ್ದೀನಿ. ತಮ್ಮ ಕಾಗದ ಬಂತು. ಎರಡು ಸಲ ಓದಿಸ್ಕೊಂಡೆ. ಸಿಟ್ಟು ಬರೋದು ಸಹಜ, ನಾನು ಏನೂ ಅನ್ನಲ್ಲ.

ಹೇಳದೇ ಬಂದೆ ಅಂದ್ರಿ. ಹೇಳಿದ್ರೆ ಬಿಡ್ತಿದ್ರಾ ಅಮ್ಮಾ?

ಮಹಾಲಾಗೆ ನಾನು ಚೆನ್ನಾಗಿದೀನಿ ಅಂತ ಹೇಳಿ. ಬೂಟು ಕಚ್ಚುತ್ತೆ, ಊಟ ಪರವಾಗಿಲ್ಲ. ಲೆಟಿ ಬಾವಿ ಹತ್ರ ಹೋಗದ ಹಾಗೆ ನೋಡ್ಕೊಳ್ಳೋಕೆ ಹೇಳಿ. ನಾನು ಮಾಡಿದ್ದಕ್ಕೆ ಮಹಾಲಾ ಮೇಲೆ ಕೈ ಮಾಡಬೇಡಿ. ಅವಳಿಗೆ ಇದು ಏನೇನೂ ಗೊತ್ತಿರಲಿಲ್ಲ.

ಎಲ್ಕಾನಾ (ಇದು ಅವನ ಗುರುತು: X)

•

ಟಾರಂಟ್ ಫಾರಂ
ಅಕ್ಟೋಬರ್ 22, 1864

ಎಲ್ಕಾನಾ,

ಪಲ್ಟನ್ನಿಗೆ ಸೇರಿದ ಆಳುಗಳ ಪಟ್ಟಿಯನ್ನು ಯಜಮಾನರು ಬಂದು ನೋಡಬಹುದು ಎಂದು ಪ್ರಕಟಣೆ ಬಂದಿತ್ತು. ಗಾಡಿ ಕಟ್ಟಿಸಿಕೊಂಡು ಹೋದೆ. ಪುಸ್ತಕದಲ್ಲಿ ನಿನ್ನ ಹೆಸರು ಸಿಕ್ಕಿತು. ‘ಎಲ್ಕಾನಾ ಟಾರಂಟ್, ವಯಸ್ಸು ಮೂವತ್ತು, ಕಸುಬು ಸೆಣಬಿನ ಕೆಲಸ, ಮದುವೆಯಾಗಿಲ್ಲ.’

ಬೇರೆ ಯಾರೋ ಇರಬೇಕು ಎಂದು ಮತ್ತೊಮ್ಮೆ ಓದಿದೆ. ನೀನೇ. ನಮ್ಮ ಮನೆತನದ ಹೆಸರನ್ನು ಹೊತ್ತುಕೊಂಡು ಹೋದೆ, ಹೆಂಡತಿಯನ್ನು ಮಾತ್ರ ಬಿಟ್ಟುಹೋದೆ.

ಇದನ್ನು ಮಹಾಲಾಳಿಗೆ ನಾನಿನ್ನೂ ಹೇಳಿಲ್ಲ. ಹೇಳಿದರೆ ಅವಳ ಗತಿ ಏನಾಗುತ್ತದೋ ನೀನೇ ಯೋಚಿಸು. ನಿನ್ನ ಕೆಲಸವನ್ನು ಈಗ ಅವಳು ಮಾಡುತ್ತಿದ್ದಾಳೆ. ಸೆಣಬು ಕೊಯ್ದು, ನಾರು ಬಿಡಲೆಂದು ಇಬ್ಬನಿಗೆ ಹರವಿ ಆಗಿದೆ. ಚಳಿಗಾಲದಲ್ಲಿ ಕಾಂಡ ಮುರಿದು ನಾರು ತೆಗೆಯಬೇಕು. ಅದು ಹೆಂಗಸರ ಕೆಲಸವಲ್ಲ ಎಂದು ನನಗೂ ಗೊತ್ತು. ಗಂಡಸರು ಎಲ್ಲಿದ್ದಾರೆ?

ಡಿಸೆಂಬರಿನೊಳಗೆ ಹಿಂದಿರುಗಿದರೆ ಹಿಂದಿನದನ್ನು ಎತ್ತಿ ಆಡುವುದಿಲ್ಲ. ಇದು ನನ್ನ ಮಾತು.

ಲ. ಟಾರಂಟ್

•

ಕ್ಯಾಂಪ್ ನೆಲ್ಸನ್
ಡಿಸೆಂಬರ್ 11, 1864

ಅಮ್ಮಾವ್ರಿಗೆ ನಮಸ್ಕಾರ.

ಇದರಲ್ಲಿ ಅರ್ಧ ನನ್ನ ಕೈಬರಹ. ತಪ್ಪುಗಳನ್ನು ಮೇಷ್ಟ್ರು ತಿದ್ದಿದ್ದಾರೆ.

ಪುಸ್ತಕದಲ್ಲಿರುವುದು ನಾನು ಹೇಳಿದ್ದೇ. ಆ ದಿನ ಮೇಜಿನ ಮುಂದೆ ನಮ್ಮ ಸಾಲು ಉದ್ದಕ್ಕಿತ್ತು. ಹಿಂದಿನ ವಾರ ಸೇರಿದವರ ಹೆಂಡಿರನ್ನು ಯಜಮಾನರು ಕಂಬಕ್ಕೆ ಕಟ್ಟಿ ಹೊಡೆದರು, ಇಬ್ಬರನ್ನು ಮಕ್ಕಳ ಸಮೇತ ರಸ್ತೆಗೆ ತಳ್ಳಿದರು ಎಂಬ ಸುದ್ದಿ ಸಾಲಿನಲ್ಲೇ ಹರಿದಾಡುತ್ತಿತ್ತು. ಪಟ್ಟಿಯನ್ನು ಯಜಮಾನರಿಗೆ ತೋರಿಸುತ್ತಾರೆ ಎಂದೂ ಯಾರೋ ಹೇಳಿದರು. ಗುಮಾಸ್ತ ತಲೆಯೆತ್ತದೆ ಕೇಳಿದ, "ಹೆಂಡ್ತಿ ಇದಾಳಾ?" ನನ್ನ ಮುಂದಿನವನು ಇಲ್ಲ ಎಂದ. ಅವನಿಗೆ ನಾಲ್ಕು ಮಕ್ಕಳು. ನಾನೂ ಇಲ್ಲ ಎಂದೆ. ನಮ್ಮ ಕಂಪನಿಯ ಎಂಬತ್ತು ಜನರಲ್ಲಿ ಅರವತ್ತೆರಡು ಜನ ಪುಸ್ತಕದಲ್ಲಿ ಅವಿವಾಹಿತರು. ಸಾರ್ಜೆಂಟ್ ಹಾಜರಿ ಕೂಗುವಾಗ, "ಬನ್ರಪ್ಪಾ ಬ್ರಹ್ಮಚಾರಿಗಳಾ, ಒಬ್ಬರಿಗಾದ್ರೂ ಹೆಣ್ಣು ನೋಡೋಣ" ಎಂದು ರೇಗಿಸುತ್ತಾನೆ. ನಾವು ನಗುತ್ತೇವೆ.

ಮಹಾಲಾಳಿಗೆ ಇದನ್ನು ದಯವಿಟ್ಟು ಹೇಳಬೇಡಿ. ಕಾರಣವನ್ನು ಬಿಟ್ಟು ಬರೀ ಮಾತು ಕಿವಿಗೆ ಬಿದ್ದರೆ ಅವಳು ಏನೆಂದುಕೊಂಡಾಳು? ನಾನೇ ಎದುರಿಗೆ ಕೂತು ಹೇಳುತ್ತೇನೆ.

ಹೋದ ತಿಂಗಳು ಇಲ್ಲಿ ಗಂಡಂದಿರನ್ನು ಹಿಂಬಾಲಿಸಿ ಬಂದಿದ್ದ ಹೆಂಗಸರು ಮಕ್ಕಳನ್ನು ನಮ್ಮ ಅಧಿಕಾರಿಗಳೇ ಗುಡಿಸಲು ಕೆಡವಿ ಹೊರಗಟ್ಟಿದರು. ಹಿಮ ಕೊರೆಯುವ ದಿನ. ನಾವು ಬಂದೂಕು ಹಿಡಿದು ನೋಡುತ್ತ ನಿಂತಿದ್ದೆವು. ಬಹಳ ಜನ ಸತ್ತರು. ಆ ಗುಂಪಿನಲ್ಲಿ ಮಹಾಲಾ ಇಲ್ಲವಲ್ಲ, ನಿಮ್ಮಲ್ಲಿ ಸೂರಿನ ಕೆಳಗೆ ಬೆಚ್ಚಗಿದ್ದಾಳಲ್ಲ ಎಂದು ಆ ದಿನ ನನಗೆ ಸಮಾಧಾನವಾಯಿತು. ಅದಕ್ಕಾಗಿ ತಮಗೆ ಋಣಿ.

ಹಿಂದಿರುಗಿ ಬರಲಾರೆ.

ಎಲ್ಕಾನಾ

•

ವರ್ಜೀನಿಯಾದಿಂದ
ಏಪ್ರಿಲ್ 24, 1865

ಅಮ್ಮಾವ್ರಿಗೆ,

ಡಿಸೆಂಬರಿನ ಮೇಲೆ ತಮ್ಮಿಂದ ಕಾಗದವಿಲ್ಲ. ನಮ್ಮನ್ನು ಚಳಿಗಾಲದಲ್ಲೇ ಇಲ್ಲಿಗೆ ತಂದರು. ದಾರಿಯಲ್ಲಿ ಕಾಗದ ತಪ್ಪಿಹೋಗಿದ್ದರೂ ಹೋಗಿರಬಹುದು. ದಕ್ಷಿಣದ ದೊಡ್ಡ ಸೈನ್ಯ ಶರಣಾಗಿದೆ. ಆಂಬ್ರೋಸಪ್ಪನವರ ದಳದ ಸುದ್ದಿ ಕೇಳಿದೆ, ಯಾರಿಗೂ ಗೊತ್ತಿಲ್ಲ.

ಒಂದು ಕಾನೂನು ಬಂದಿದೆ. ಪಲ್ಟನ್ನಿನವರ ಹೆಂಡತಿ ಮಕ್ಕಳು ಮಾರ್ಚ್ ಮೂರರಿಂದ ಸ್ವತಂತ್ರರು, ಯಜಮಾನರು ಯಾರೇ ಆಗಿರಲಿ, ಕೆಂಟಕಿಯಲ್ಲೂ. ಕ್ಯಾಪ್ಟನ್ ಓದಿ ಹೇಳಿದಾಗ ಅರವತ್ತೆರಡು ಬ್ರಹ್ಮಚಾರಿಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹೆಂಡತಿಯನ್ನು ಉಳಿಸಿಕೊಳ್ಳಲು ಹೇಳಿದ ಸುಳ್ಳು ಈಗ ಅವಳ ಬಾಗಿಲಿಗೇ ಬೀಗ ಹಾಕಿದೆ.

ಕಚೇರಿಯಲ್ಲಿ ಕೇಳಿದೆ. ನಮ್ಮ ಮದುವೆಗಳಿಗೆ ಕಾಗದವಿಲ್ಲ, ಚರ್ಚಿನ ದಾಖಲೆಯಿಲ್ಲ. ಮದುವೆ ಕಣ್ಣಾರೆ ಕಂಡ ಬಿಳಿಯರೊಬ್ಬರು ಬರೆದುಕೊಟ್ಟರೆ ಪುಸ್ತಕ ತಿದ್ದುತ್ತೇವೆ ಎಂದರು. ಕಂಡ ಬಿಳಿಯರಲ್ಲಿ ಈಗ ಕೈಗೆ ಸಿಗುವವರು ತಾವೊಬ್ಬರೇ. ಎರಡು ಸಾಲು ಸಾಕು ಅಮ್ಮಾ. ತಮಗೆ ಇದರಿಂದ ನಷ್ಟ ಎಂದು ಗೊತ್ತಿದ್ದೂ ಕೇಳುತ್ತಿದ್ದೇನೆ.

ಈ ಕಾಗದ ಪೂರ್ತಿ ನನ್ನ ಕೈಯದು.

ಎಲ್ಕಾನಾ

•

ಟಾರಂಟ್ ಫಾರಂ
ಮೇ 30, 1865

ಎಲ್ಕಾನಾ,

ನಿನ್ನ ಅಕ್ಷರ ಚೆನ್ನಾಗಿದೆ. ಆಂಬ್ರೋಸನದು ಯಾವತ್ತೂ ಇಷ್ಟು ನೆಟ್ಟಗಿರಲಿಲ್ಲ. ಅವನು ಜಾರ್ಜಿಯಾದಲ್ಲಿ ಜ್ವರ ಬಂದು ಹೋದನಂತೆ. ಗುಂಡೇಟಿಗಾದರೂ ಸಾಯಲಿಲ್ಲ.

ನೀನು ಕೇಳಿದ ಎರಡು ಸಾಲನ್ನು ಬರೆಯಲಾರೆ. ನಿನಗೂ ನೆನಪಿದೆ, ಆ ದಿನ ಪಾದ್ರಿ ‘ಸಾವು ಅಗಲಿಸುವವರೆಗೆ’ ಎನ್ನಲಿಲ್ಲ. ‘ಸಾವೋ ದೂರವೋ ಅಗಲಿಸುವವರೆಗೆ’ ಎಂದರು. ನಿಮ್ಮ ಜನರ ಮದುವೆಗೆಲ್ಲ ಹಾಗೆಯೇ ಹೇಳುವುದು. ನಾಳೆ ಒಬ್ಬರನ್ನು ಮಾರಬೇಕಾಗಿ ಬಂದರೆ ದೇವರೆದುರು ಆಡಿದ ಮಾತು ಮುರಿಯಬಾರದಲ್ಲ. ದೂರ ಹೋದವನು ನೀನು. ಅದು ಹಬ್ಬದ ಸಂತೋಷಕ್ಕೆ ಮಾಡಿದ ಒಂದು ಸಂಭ್ರಮ, ಕಾನೂನಿನ ಕಣ್ಣಿನಲ್ಲಿ ಮದುವೆಯಲ್ಲ. ಆಣೆಯಿಟ್ಟು ಸುಳ್ಳು ಬರೆಯುವ ಅಭ್ಯಾಸ ನನಗಿಲ್ಲ.

ಲೆಟಿ ಚೆನ್ನಾಗಿ ಬೆಳೆಯುತ್ತಿದ್ದಾಳೆ. ಈಗ ಮನೆಯೊಳಗೇ ಇರುತ್ತಾಳೆ.

ಲ. ಟಾರಂಟ್

•

ಬ್ರೌನ್ಸ್‌ವಿಲ್, ಟೆಕ್ಸಾಸ್
ಜುಲೈ 29, 1865

ಶ್ರೀಮತಿ ಟಾರಂಟ್ ಅವರಿಗೆ,

ನಮ್ಮನ್ನು ಹಡಗಿನಲ್ಲಿ ತುಂಬಿ ಇಲ್ಲಿಗೆ ತಂದಿದ್ದಾರೆ. ನದಿಯಾಚೆ ಮೆಕ್ಸಿಕೋ. ಮರಳು, ಸೊಳ್ಳೆ, ಉಪ್ಪುನೀರು. ತಿನ್ನಲು ತರಕಾರಿಯಿಲ್ಲದೆ ಹಲ್ಲುಗಳು ಸಡಿಲವಾಗಿ ದಿನಕ್ಕೊಬ್ಬರಂತೆ ಆಸ್ಪತ್ರೆ ಸೇರುತ್ತಿದ್ದಾರೆ.

ಮಗನನ್ನು ಕಳೆದುಕೊಂಡಿರಿ. ಅವನಿಗೆ ಮೊದಲ ಸಲ ಕುದುರೆ ಹತ್ತಿಸಿದವನು ನಾನು. ನನಗೆ ನಿಜವಾಗಿ ದುಃಖವಾಯಿತು.

ನೀವು ಹೊಸದಾಗಿ ಬರೆದುಕೊಡದಿದ್ದರೂ ಹಿಂದೆ ಬರೆದಿದ್ದೀರಿ. ಕಳೆದ ವರ್ಷ ಜೂನಿನಲ್ಲಿ ನನ್ನನ್ನು ಬೈದು ಬರೆದ ಕಾಗದ ನನ್ನ ಚೀಲದಲ್ಲಿತ್ತು. ನಿಮ್ಮ ಅಡುಗೆಮನೆ, ನಿಮ್ಮ ಗೌನು, ನಿಮ್ಮ ಕೇಕು, ‘ಕಟ್ಟಿಕೊಂಡ ಹೆಂಡತಿ’ ಎಂಬ ಮಾತು, ಕೆಳಗೆ ನಿಮ್ಮ ಸಹಿ. ಕ್ಯಾಪ್ಟನ್ ಓದಿ, "ಇದಕ್ಕಿಂತ ಒಳ್ಳೇ ಸಾಕ್ಷಿ ಬೇಕಾ? ಬೈಯೋರು ಸುಳ್ಳು ಬರೆಯಲ್ಲ ಕಣಯ್ಯ" ಎಂದರು. ಪುಸ್ತಕ ತಿದ್ದಿಸಿದರು. ಮಹಾಲಾಳ ಹೆಸರಿನಲ್ಲೂ ಲೆಟಿಯ ಹೆಸರಿನಲ್ಲೂ ಬಿಡುಗಡೆಯ ಪತ್ರ ಮಾಡಿಸಿ ಇದರೊಂದಿಗೆ ಕಳಿಸಿದ್ದೇನೆ. ಇನ್ನೊಂದು ಪ್ರತಿ ಕ್ಯಾಪ್ಟನ್ ಹತ್ತಿರವಿದೆ.

ಮಹಾಲಾಳಿಗೆ ಇದನ್ನು ಓದಿ ಹೇಳಿ, ಅವಳ ಕೈಗೆ ಕೊಡಿ. ಅವಳಿಗೆ ಇಷ್ಟ ಬಂದಲ್ಲಿ ಇರಲಿ. ಪುಸ್ತಕದಲ್ಲಿ ಮೊದಲು ಏನಿತ್ತು ಎಂಬುದನ್ನು ಮಾತ್ರ ನನಗೆ ಬಿಡಿ.

ಎಲ್ಕಾನಾ ಟಾರಂಟ್

•

ಟಾರಂಟ್ ಫಾರಂ
ಸೆಪ್ಟೆಂಬರ್ 16, 1865

ಎಲ್ಕಾನಾ,

ನಿನ್ನ ಕಾಗದವೂ ಸರ್ಕಾರದ ಪತ್ರಗಳೂ ಕೈಸೇರಿ ಒಂದು ವಾರವಾಯಿತು. ಪತ್ರವನ್ನು ಮಹಾಲಾಳಿಗೆ ಕೊಡಲು ಸಾಧ್ಯವಿಲ್ಲ. ಅವಳು ಫೆಬ್ರವರಿ ಹನ್ನೊಂದರಂದು ತೀರಿಕೊಂಡಳು. ಎದೆಯಲ್ಲಿ ಕಫ ಕಟ್ಟಿ ಜ್ವರ ಬಂತು, ಒಂಬತ್ತು ದಿನ ಮಲಗಿದ್ದಳು. ನಾನೇ ಪಕ್ಕದಲ್ಲಿ ಕೂತು ಸಾರು ಕುಡಿಸಿದೆ. ಶಾಂತವಾಗಿ ಹೋದಳು.

ಮೊದಲೇ ಬರೆಯಬೇಕಿತ್ತು. ಯುದ್ಧದಲ್ಲಿರುವವನಿಗೆ ಯಾಕೆ ಎಂದು ತಡೆದೆ. ಆಮೇಲೆ ನಿನ್ನ ಏಪ್ರಿಲ್ ಕಾಗದ ಬಂತು, ಬರೆಯುವುದು ಮತ್ತೂ ಕಷ್ಟವಾಯಿತು.

ಲೆಟಿ ಇಲ್ಲಿ ಕ್ಷೇಮವಾಗಿದ್ದಾಳೆ.

ಲವೀನಿಯಾ ಟಾರಂಟ್

•

ಬ್ರೌನ್ಸ್‌ವಿಲ್
ನವೆಂಬರ್ 20, 1865

ಶ್ರೀಮತಿ ಟಾರಂಟ್,

ನಿಮ್ಮ ಕಾಗದ ಅಕ್ಟೋಬರಿನಲ್ಲಿ ಬಂತು.

ಮೇ ತಿಂಗಳಿನಲ್ಲಿ ನೀವು ಬರೆದಾಗ ಅವಳು ಹೋಗಿ ಮೂರೂವರೆ ತಿಂಗಳಾಗಿತ್ತು. ಆ ಕಾಗದವನ್ನು ಮತ್ತೆ ತೆಗೆದು ಓದಿದೆ. ಅದರಲ್ಲಿ ಅವಳು ಇದ್ದಾಳೆಂದೂ ಇಲ್ಲ, ಇಲ್ಲವೆಂದೂ ಇಲ್ಲ. ಜಾಣತನದಿಂದ ಬರೆದಿದ್ದೀರಿ. ಕಾನೂನು ಬರುವುದಕ್ಕೆ ಇಪ್ಪತ್ತು ದಿನ ಮೊದಲು ಅವಳು ಹೋದಳು. ಅಂದರೆ ಅವಳು ಸ್ವತಂತ್ರಳಾಗಲೇ ಇಲ್ಲ.

ಈಗ ನನಗೆ ಉಳಿದಿರುವುದು ಲೆಟಿ. ಚಳಿಗಾಲ ಕಳೆದರೆ ನಮ್ಮನ್ನು ಮನೆಗೆ ಕಳಿಸುತ್ತಾರೆ. ಬಂದು ಕರೆದುಕೊಂಡು ಹೋಗುತ್ತೇನೆ. ಅವಳಿಗೆ ಹೇಳಿಡಿ.

ಎಲ್ಕಾನಾ ಟಾರಂಟ್

•

ಟಾರಂಟ್ ಫಾರಂ
ಜನವರಿ 14, 1866

ಎಲ್ಕಾನಾ,

ಸಂವಿಧಾನಕ್ಕೆ ತಿದ್ದುಪಡಿಯಾಗಿ ಈಗ ಇಡೀ ದೇಶದಲ್ಲಿ ಗುಲಾಮರೇ ಇಲ್ಲ. ಕೆಂಟಕಿ ಒಪ್ಪಲಿಲ್ಲ, ನಮ್ಮನ್ನು ಯಾರು ಕೇಳಿದರು? ಡಿಸೆಂಬರಿನಲ್ಲಿ ಉಳಿದವರೂ ಗಂಟುಮೂಟೆ ಕಟ್ಟಿದರು. ನಲವತ್ತು ಎಕರೆ ಸೆಣಬು ಹೊಲದಲ್ಲೇ ಕೊಳೆಯುತ್ತಿದೆ. ಒಲೆ ಹಚ್ಚುವುದನ್ನು ಐವತ್ತೆಂಟನೆಯ ವಯಸ್ಸಿನಲ್ಲಿ ಕಲಿತೆ.

ಲೆಟಿಯ ವಿಷಯ. ಅನಾಥ ಮಕ್ಕಳನ್ನು ಹದಿನೆಂಟು ವರ್ಷದವರೆಗೆ ಒಂದು ಮನೆಯ ಸುಪರ್ದಿಗೆ ಕೊಡುವ ಕಾಯಿದೆ ಇದೆ. ಹಿಂದಿನ ಯಜಮಾನರಿಗೆ ಮೊದಲ ಹಕ್ಕು. ಕೌಂಟಿ ಕೋರ್ಟಿನವರು ನವೆಂಬರಿನಲ್ಲೇ ಅವಳನ್ನು ನನಗೆ ಬರೆದುಕೊಟ್ಟಿದ್ದಾರೆ. ತಾಯಿ ಸತ್ತಿದ್ದಾಳೆ, ತಂದೆಯೆಂದು ಕಾನೂನಿನಲ್ಲಿ ಯಾರೂ ಇಲ್ಲ ಎಂದು ದಾಖಲಾಗಿದೆ. ಇದನ್ನು ನಿನ್ನ ಮೇಲಿನ ಹಟಕ್ಕೆ ಮಾಡಲಿಲ್ಲ. ಅವಳಿಗೆ ಓದು ಹೇಳಿಕೊಡುತ್ತಿದ್ದೇನೆ. ನನ್ನ ಕೋಣೆಯಲ್ಲೇ ಮಲಗುತ್ತಾಳೆ. ಬೀಡಿಲ್ಲದ ಸಿಪಾಯಿಯ ಹಿಂದೆ ಅವಳು ಎಲ್ಲಿ ಅಲೆಯಬೇಕು?

ಈ ಮನೆಯಲ್ಲಿ ಇನ್ನು ಯಾರೂ ಇಲ್ಲ ಎಲ್ಕಾನಾ.

ಲ. ಟಾರಂಟ್

•

ಲೂಯಿವಿಲ್
ಏಪ್ರಿಲ್ 22, 1866

ಶ್ರೀಮತಿ ಟಾರಂಟ್,

ಲೆಟಿಗಾಗಿ ನಾನು ಹಾಕಿದ ದಾವೆಯ ದಿನ ಕೋರ್ಟಿನಲ್ಲಿ ನಾವಿಬ್ಬರೂ ಎರಡು ಮಾರು ದೂರದಲ್ಲಿ ನಿಂತಿದ್ದರೂ ಮಾತಾಡಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನ್ಯಾಯಾಧೀಶರು ಆ ಜೂನಿನ ಕಾಗದವನ್ನು ನಿಮ್ಮ ಮುಂದೆ ಹಿಡಿದು, "ಇದು ನಿಮ್ಮ ಕೈಬರಹವೇನಮ್ಮಾ?" ಎಂದಾಗ ನಾನು ನಿಮ್ಮ ಮುಖವನ್ನೇ ನೋಡುತ್ತಿದ್ದೆ. ಅಲ್ಲ ಎಂದಿದ್ದರೆ ಆ ಕೋಣೆಯಲ್ಲಿ ನನ್ನ ಮಾತನ್ನು ನಂಬುವವರು ಯಾರೂ ಇರಲಿಲ್ಲ. ನೀವು ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡು, "ಹೌದು, ನನ್ನದೇ" ಎಂದಿರಿ. ಯಾಕೆ ಎಂದು ನಾನು ಕೇಳುವುದಿಲ್ಲ. ಹಾಗೆಂದದ್ದರಿಂದ ನನ್ನ ಮಗಳು ನನ್ನ ಜೊತೆಯಲ್ಲಿದ್ದಾಳೆ.

ನನಗೆ ಹಗ್ಗದ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿದೆ. ಚರ್ಚಿನ ಹಿಂದೆ ಒಂದು ಕೋಣೆ. ಲೆಟಿ ಮೊದಲ ಎರಡು ದಿನ ನನ್ನ ಜೊತೆ ಊಟ ಮಾಡಲಿಲ್ಲ. ಮೂರನೆಯ ದಿನ, "ನೀವು ಗೊರಕೆ ಹೊಡೀತೀರಾ, ಅಮ್ಮಾವ್ರು ಹೊಡೆಯಲ್ಲ" ಎಂದಳು. ಆಮೇಲಿಂದ ಮಾತಾಡುತ್ತಾಳೆ. ನಿಮ್ಮನ್ನು ಕೇಳುತ್ತಾಳೆ. ಮುಚ್ಚಿಡುವುದರಲ್ಲಿ ಅರ್ಥವಿಲ್ಲ, ದಿನಾ ಕೇಳುತ್ತಾಳೆ.

ಇನ್ನು ನನ್ನದೊಂದು ಮಾತು. ಟೆಕ್ಸಾಸಿನಿಂದ ಇಲ್ಲಿಯವರೆಗೆ ಇದೊಂದೇ ನನ್ನನ್ನು ಕೊರೆಯುತ್ತಿದೆ. ಮಹಾಲಾಳಿಗೆ ಆ ಪುಸ್ತಕದ ವಿಷಯ ತಿಳಿದಿತ್ತೇ? ಕಡೆಯ ದಿನಗಳಲ್ಲಿ ಅವಳ ಪಕ್ಕದಲ್ಲಿ ಇದ್ದವರು ನೀವೊಬ್ಬರೇ. ನನ್ನ ಗಂಡ ನನ್ನನ್ನು ಇಲ್ಲವೆಂದು ಹೇಳಿ ಹೋದ ಎಂದುಕೊಂಡೇ ಅವಳು ಸತ್ತಳೇ? ಕೆಟ್ಟದ್ದಾದರೂ ಇದ್ದದ್ದನ್ನು ಬರೆಯಿರಿ. ಸುಖವಾಗಲಿ ಎಂದು ಏನನ್ನೂ ಸೇರಿಸಬೇಡಿ. ಬರೆಯದಿದ್ದರೆ ನಾನು ಮತ್ತೆ ಕೇಳುವುದಿಲ್ಲ.

ಎಲ್ಕಾನಾ ಟಾರಂಟ್

•

ಟಾರಂಟ್ ಫಾರಂ
ಮೇ 13, 1866

ಎಲ್ಕಾನಾ,

ನಿನ್ನ ಕಾಗದವನ್ನು ಎರಡು ವಾರ ಮೇಜಿನ ಮೇಲಿಟ್ಟಿದ್ದೆ. ಫಾರಂ ಮಾರಾಟವಾಯಿತು. ಜೂನಿನಲ್ಲಿ ಒಹಾಯೋದ ತಂಗಿಯ ಮನೆಗೆ ಹೋಗುತ್ತೇನೆ. ಹೋಗುವ ಮುಂಚೆ ಬರೆಯುತ್ತಿದ್ದೇನೆ.

ನಾನು ಅವಳ ಪಕ್ಕದಲ್ಲಿ ಕೂತಿರಲಿಲ್ಲ, ಸಾರನ್ನೂ ಕುಡಿಸಲಿಲ್ಲ. ಅವಳು ಸೆಣಬಿನ ಕೊಟ್ಟಿಗೆಯಲ್ಲಿ ಮಲಗಿದ್ದಳು, ಮನೆಯೊಳಗೆ ಕರೆಸಲಿಲ್ಲ. ಒಂಬತ್ತು ದಿನ ಎಂದು ಬರೆದಿದ್ದೆ. ಅದರಲ್ಲಿ ಮೊದಲ ಐದು ದಿನ ಜ್ವರದಲ್ಲೇ ಅವಳಿಂದ ಕಾಂಡ ಮುರಿಸಿದೆ. ಹನ್ನೊಂದರ ಬೆಳಿಗ್ಗೆ ಲೆಟಿ ಬಂದು, "ಅಮ್ಮ ಏಳ್ತಾ ಇಲ್ಲ" ಎಂದಳು. ಆಗ ಹೋಗಿ ನೋಡಿದೆ. ಅಷ್ಟೇ ನಾನು ಮಾಡಿದ್ದು.

ಪುಸ್ತಕದ ವಿಷಯ ಅವಳಿಗೆ ತಿಳಿದಿತ್ತು. ನಾನಿನ್ನೂ ಹೇಳಿಲ್ಲ ಎಂದು ನಿನಗೆ ಬರೆದ ದಿನವೇ ಬೆಳಿಗ್ಗೆ ಅವಳಿಗೆ ಹೇಳಿಯಾಗಿತ್ತು. ಗಾಡಿಯಿಂದ ಇಳಿದವಳು ನೇರ ಹೊಲಕ್ಕೇ ಹೋದೆ. ಎಲ್ಲ ಹೆಂಗಸರ ಎದುರಿಗೆ ಹೇಳಿದೆ. "ನಿನ್ನ ಗಂಡ ಸರ್ಕಾರದ ಮುಂದೆ ನಿಂತು ನನಗೆ ಹೆಂಡ್ತೀನೇ ಇಲ್ಲ ಅಂತ ಬರೆಸಿದಾನೆ ಕಣೆ." ಅವಳು ಅಳುವುದನ್ನು ನೋಡಬೇಕು ಎಂದು ನನಗೆ ಆಸೆಯಿತ್ತು. ಇದನ್ನು ಬರೆಯುವಾಗ ನಾಚಿಕೆಯಾಗುತ್ತದೆ, ಆದರೂ ನೀನು ಇದ್ದದ್ದನ್ನು ಕೇಳಿದ್ದೀಯ.

ಅವಳು ಅಳಲಿಲ್ಲ. ಕೈಯಲ್ಲಿದ್ದ ಸೆಣಬಿನ ಕಂತೆ ಕೆಳಗಿಟ್ಟು ನಕ್ಕಳು. ಜೋರಾಗಿಯೇ ನಕ್ಕಳು, ಉಳಿದ ಹೆಂಗಸರೂ ನಕ್ಕರು. ನಾನೊಬ್ಬಳೇ ಏನೂ ಅರ್ಥವಾಗದೆ ನಿಂತಿದ್ದೆ. "ಹಂಗಂದ್ನಾ? ಪರವಾಗಿಲ್ಲ, ಬುದ್ಧಿ ಬಂದಿದೆ" ಎಂದಳು. ಆಮೇಲೆ ಹೊದ್ದಿದ್ದ ಶಾಲಿನಲ್ಲಿ ಕಣ್ಣೊರೆಸಿಕೊಂಡು ಹೇಳಿದಳು: "ಅಮ್ಮಾ, ಅವನಿಗೆ ಕಾಗದ ಬರೆದ್ರೆ ಇದನ್ನೂ ಬರೀರಿ. ಯಾರಾದ್ರೂ ಬಂದು ಕೇಳಿದ್ರೆ ನಾನೂ ನಂಗೆ ಗಂಡ ಇಲ್ಲ ಅಂತೀನಿ. ಅವನು ತಿರುಗಿ ಬರೋದು ಮಾತ್ರ ಬೇಡ."

ಚಳಿಗಾಲದಲ್ಲಿ ಇನ್ನೆರಡು ಸಲ ಕೇಳಿದಳು, "ಬರೆದ್ರಾ ಅಮ್ಮಾ?" ಎಂದು. ಬರೆದೆ ಎಂದೆ.

ಆಗ ಬರೆದಿರಲಿಲ್ಲ. ಈಗ ಬರೆದಿದ್ದೇನೆ.

ಲವೀನಿಯಾ ಟಾರಂಟ್